ಮೊದಲ ಸೆಮಿ-ಆಟೋಮ್ಯಾಟಿಕ್ ರೈಫಲ್: 800 ಡಾಲರ್ ಒಳಗೆ ಯಾವುದು ತಗೊಳ್ಳಲಿ? (ಟೆಕ್ಸಾಸ್)

ಮಂಡ್ಯ_ಟು_ಪ್ಲೇನೋ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಆಮೇಲೆ ಆಫೀಸಿನ ಗೆಳೆಯರು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದರು. ರುಚಿ ಹತ್ತಿಬಿಟ್ಟಿದೆ. ಅದಕ್ಕೂ ಮೊದಲಿನ ಅನುಭವ ಅಂದರೆ ಕಾಲೇಜಿನ ಎನ್‌ಸಿಸಿ ಕ್ಯಾಂಪ್‌ನಲ್ಲಿ ನೆಲದ ಮೇಲೆ ಮಲಗಿ .22 (ಸಣ್ಣ ಗುಂಡಿನ) ರೈಫಲ್‌ನಲ್ಲಿ ಹೊಡೆದ ನಾಲ್ಕು ಗುಂಡು, ಅಷ್ಟೇ.

ಈಗ ಸ್ವಂತಕ್ಕೆ ಒಂದು ಸೆಮಿ-ಆಟೋಮ್ಯಾಟಿಕ್ ರೈಫಲ್ ಬೇಕು, ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು. ಬೇಟೆಗೆ ಅಲ್ಲ. ವಾರಾಂತ್ಯದಲ್ಲಿ ರೇಂಜ್‌ನಲ್ಲಿ ಗುರಿ ಅಭ್ಯಾಸಕ್ಕೆ. ಎಲ್ಲಾ ಸೇರಿ 800 ಡಾಲರ್ ಇಟ್ಟುಕೊಂಡಿದ್ದೇನೆ. ಗೆಳೆಯರೆಲ್ಲ ಎಆರ್-15 ತಗೋ ಅನ್ನುತ್ತಾರೆ. ಅಂಗಡಿಯವನೂ ಅದನ್ನೇ ಕೈಗೆ ಕೊಟ್ಟ. ಕೊಟ್ಟ ದುಡ್ಡಿಗೆ ಬೆಲೆ ಬರುವಂಥದ್ದು ಯಾವುದು? ತಿಳಿದವರು ಹೇಳಿ.

ಎಡಿಸನ್ ಎಂಕ್ಟ

ಟೆಕ್ಸಾಸ್ ಪುಣ್ಯವಂತರು. ನಮ್ಮ ನ್ಯೂಜೆರ್ಸಿಯಲ್ಲಿ ರೈಫಲ್ ಮುಟ್ಟುವ ಮೊದಲು ಖರೀದಿದಾರರ ಗುರುತಿನ ಚೀಟಿ ಮಾಡಿಸಬೇಕು. ಬೆರಳಚ್ಚು ಕೊಡಬೇಕು, ನಿಮ್ಮನ್ನು ಬಲ್ಲವರ ಹೆಸರು ಕೊಡಬೇಕು, ಮಾನಸಿಕ ಆರೋಗ್ಯದ ದಾಖಲೆ ನೋಡಲು ಒಪ್ಪಿಗೆ ಕೊಡಬೇಕು. ಆಮೇಲೆ ಕಾಯಬೇಕು. ಮ್ಯಾಗಜಿನ್ (ಗುಂಡು ತುಂಬಿ ರೈಫಲ್‌ಗೆ ಸಿಕ್ಕಿಸುವ ಡಬ್ಬಿ) ಹತ್ತು ಗುಂಡಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ನಾನು ಮುಂದಿನ ಕುರ್ಚಿಯಲ್ಲಿ ಕೂತು ನಿಮ್ಮ ಚರ್ಚೆ ನೋಡುತ್ತೇನೆ.

ಲೆಕ್ಕದ ಮೇಷ್ಟ್ರು (ಆಸ್ಟಿನ್)

ಪ್ಲೇನೋ ಅವರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ರೈಫಲ್ ಬೆಲೆ ಎಷ್ಟು ಅಂತ ಕೇಳುತ್ತಿದ್ದೀರಿ. ಕೇಳಬೇಕಾದದ್ದು ಗುಂಡಿನ ಬೆಲೆ ಎಷ್ಟು ಅಂತ.

ಈಗ ಲೆಕ್ಕ ಹಾಕೋಣ. ರೇಂಜ್‌ಗೆ ಹೋದರೆ ಇನ್ನೂರು ಗುಂಡು ಆರಾಮಾಗಿ ಖರ್ಚಾಗುತ್ತದೆ. ಸೆಮಿ-ಆಟೋ ಸ್ವಭಾವವೇ ಅದು, ಪ್ರತಿ ಸಲ ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಎಳೆಯುವ ಕೆಲಸ ಇಲ್ಲವಲ್ಲ. .22 ಎಲ್‌ಆರ್ ಗುಂಡು ದೊಡ್ಡ ಪೆಟ್ಟಿಗೆಯಲ್ಲಿ ತಗೊಂಡರೆ ಒಂದಕ್ಕೆ ಸುಮಾರು 8 ಸೆಂಟ್. ಎಆರ್-15ಕ್ಕೆ ಹಾಕುವ .223 ಗುಂಡು ಒಂದಕ್ಕೆ ಸುಮಾರು 50 ಸೆಂಟ್. ಇನ್ನೂರು ಗುಂಡಿಗೆ ಒಂದು ಕಡೆ 16 ಡಾಲರ್, ಇನ್ನೊಂದು ಕಡೆ 100 ಡಾಲರ್. ತಿಂಗಳಿಗೆ ಒಂದೇ ಸಲ ಹೋದರೂ ವರ್ಷಕ್ಕೆ 192 ಡಾಲರ್ ಮತ್ತು 1,200 ಡಾಲರ್. ವ್ಯತ್ಯಾಸ 1,008. ನೀವು ಇಟ್ಟುಕೊಂಡಿರುವ ಇಡೀ ಬಜೆಟ್‌ಗಿಂತ ಜಾಸ್ತಿ ಆಯಿತಲ್ಲ.

ಅದಕ್ಕೇ ನನ್ನ ಉತ್ತರ: ರೂಗರ್ 10/22. 1964ರಿಂದ ತಯಾರಾಗುತ್ತಿದೆ. ಲಕ್ಷಗಟ್ಟಲೆ ಜನರ ಮೊದಲ ರೈಫಲ್ ಇದು. ಸಾದಾ ಮಾಡೆಲ್ ಸುಮಾರು 300 ಡಾಲರ್‌ಗೆ ಸಿಗುತ್ತದೆ. ತೂಕ ಎರಡೂಕಾಲು ಕಿಲೋ ಆಸುಪಾಸು. ಹತ್ತು ಗುಂಡಿನ ಮ್ಯಾಗಜಿನ್ ಒಳಗೆ ತಿರುಗುವ ಚಕ್ರ ಇದೆ, ಅದರಲ್ಲಿ ಗುಂಡು ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಮ್ಯಾಗಜಿನ್ ಮರದ ಹಿಡಿಯ ಅಡಿಗೆ ಸಮನಾಗಿ ಕೂರುತ್ತದೆ, ಹೊರಗೆ ಚಾಚಿಕೊಳ್ಳುವುದಿಲ್ಲ. ನಳಿಗೆಯನ್ನು ಎರಡು ಸ್ಕ್ರೂ ಬಿಚ್ಚಿ ಮನೆಯಲ್ಲೇ ಬದಲಿಸಬಹುದು. ಟ್ರಿಗರ್, ಹಿಡಿ, ಗುರಿ ನೋಡುವ ಸೈಟ್ ಎಲ್ಲದಕ್ಕೂ ಬದಲಿ ಭಾಗ ಮಾರುವವರು ಇದ್ದಾರೆ. ಬೇಡ ಅನ್ನಿಸಿದರೆ ಮಾರುವುದೂ ಸುಲಭ.

ಒಳಗಿನ ಕೆಲಸವೂ ಸರಳ. ಗುಂಡು ಸಿಡಿದಾಗ ಖಾಲಿ ತೋಟಾ ಹಿಂದಕ್ಕೆ ಒತ್ತುತ್ತದೆ. ಬೋಲ್ಟ್‌ನ ತೂಕ ಮತ್ತು ಸ್ಪ್ರಿಂಗ್ ಅದನ್ನು ತಡೆಯುತ್ತವೆ. ಒತ್ತಡ ಇಳಿಯುವ ಹೊತ್ತಿಗೆ ಬೋಲ್ಟ್ ಹಿಂದೆ ಹೋಗಿ, ಖಾಲಿ ತೋಟಾ ಎಸೆದು, ಹೊಸದನ್ನು ಎತ್ತಿಕೊಂಡು ಮುಂದೆ ಬರುತ್ತದೆ. ಎಆರ್-15ರಲ್ಲಿ ಇರುವಂಥ ಗ್ಯಾಸ್ ಕೊಳವೆ ಇಲ್ಲ, ತಿರುಗಿ ಬೀಗ ಹಾಕಿಕೊಳ್ಳುವ ಬೋಲ್ಟ್ ಇಲ್ಲ. .22ಕ್ಕೆ ಅಷ್ಟು ಸಾಕು.

ಇದರಲ್ಲಿ ಕಿರಿಕಿರಿ ಇಲ್ಲವೇ ಇಲ್ಲ ಅನ್ನುವುದಿಲ್ಲ. ಕೊನೆ ಗುಂಡು ಹಾರಿದ ಮೇಲೆ ಬೋಲ್ಟ್ ತೆರೆದೇ ನಿಲ್ಲುವುದಿಲ್ಲ. ಮುಗಿಯಿತು ಅಂತ ಗೊತ್ತಾಗುವುದು ಟ್ರಿಗರ್ ಎಳೆದು "ಟಿಕ್" ಅಂದಾಗ. ಬೋಲ್ಟ್ ತೆರೆದಿಡುವ ಸಣ್ಣ ಕೀಲಿ ಇದೆ, ಹೊಸಬರ ಬೆರಳಿಗೆ ಅದು ಬೇಗ ಒಗ್ಗುವುದಿಲ್ಲ.

ಫ್ರಿಸ್ಕೋ ಫೈರಿಂಗ್

ಮೇಷ್ಟ್ರ ಲೆಕ್ಕ ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಇವತ್ತು .22 ತಗೊಂಡವರು ನಾಳೆ ಎಆರ್ ತಗೊಂಡೇ ತಗೊಳ್ಳುತ್ತಾರೆ. ಎರಡೆರಡು ಸಲ ದುಡ್ಡು ಯಾಕೆ ಹಾಕಬೇಕು?

ಎಆರ್-15 ಪೇಟೆಂಟ್ ಮುಗಿದು ದಶಕಗಳಾದವು. ಹಾಗಾಗಿ ಹತ್ತಾರು ಕಂಪನಿಗಳು ಮಾಡುತ್ತವೆ, ಪೈಪೋಟಿಯಿಂದ ಬೆಲೆ ಇಳಿದಿದೆ. ಒಬ್ಬರ ಭಾಗ ಇನ್ನೊಬ್ಬರ ರೈಫಲ್‌ಗೆ ಕೂರುತ್ತದೆ. ಪಾಲ್ಮೆಟ್ಟೋ ಸ್ಟೇಟ್ ಆರ್ಮರಿಯದ್ದು 500-600 ಡಾಲರ್‌ಗೆ ಸಿಗುತ್ತದೆ. ಸ್ಮಿತ್ ಅಂಡ್ ವೆಸನ್ ಸ್ಪೋರ್ಟ್, ರೂಗರ್ ಎಆರ್-556 ಸ್ವಲ್ಪ ಮೇಲೆ. ಇವುಗಳಲ್ಲಿ ಯಾವುದೂ ಕಳಪೆ ಅಲ್ಲ.

ನೋಡಬೇಕಾದದ್ದು ಇಷ್ಟು. ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಗೂಡು) 5.56 ಅಂತ ಇರಲಿ. 5.56 ಚೇಂಬರ್‌ನಲ್ಲಿ .223 ಗುಂಡೂ ಹಾಕಬಹುದು. .223 ಅಂತ ಮಾತ್ರ ಬರೆದಿದ್ದರೆ ಅದಕ್ಕೆ 5.56 ಹಾಕಬೇಡಿ, ಒತ್ತಡ ಮಿತಿ ಮೀರಬಹುದು. ನಳಿಗೆಯ ಒಳಗೆ ಕ್ರೋಮ್ ಅಥವಾ ನೈಟ್ರೈಡ್ ಲೇಪನ ಇರಲಿ, ತುಕ್ಕು ಬೇಗ ಹಿಡಿಯುವುದಿಲ್ಲ. ನಳಿಗೆ 16 ಇಂಚಿಗೆ ಕಡಿಮೆ ಇರಬಾರದು. ಅದಕ್ಕಿಂತ ಗಿಡ್ಡ ಆದರೆ 1934ರ ಫೆಡರಲ್ ಕಾಯ್ದೆಯಡಿ ಬೇರೆಯೇ ನೋಂದಣಿ, ಹೊಸಬರಿಗೆ ಆ ತಲೆನೋವು ಬೇಡ. ಗ್ಯಾಸ್ ಕೊಳವೆ ಮಿಡ್-ಲೆಂತ್ (ಮಧ್ಯಮ ಉದ್ದದ್ದು) ಸಿಕ್ಕರೆ ಹೊಡೆತ ಮೆತ್ತಗಿರುತ್ತದೆ. ಉಳಿದದ್ದೆಲ್ಲ ಅಲಂಕಾರ.

ಲೆಕ್ಕದ ಮೇಷ್ಟ್ರು (ಆಸ್ಟಿನ್)

ಫ್ರಿಸ್ಕೋ ಅವರೇ, 800ರಲ್ಲಿ 600 ರೈಫಲ್‌ಗೆ ಹೋಯಿತು. ಸ್ಥಳೀಯ ತೆರಿಗೆ ಸೇರಿ ನಿಮ್ಮಲ್ಲಿ ಸೇಲ್ಸ್ ಟ್ಯಾಕ್ಸ್ 8.25 ಶೇಕಡ, ಅಲ್ಲಿಗೆ 650. ಕಿವಿಗೆ, ಕಣ್ಣಿಗೆ, ಬೀಗದ ಪೆಟ್ಟಿಗೆಗೆ ಉಳಿದದ್ದು 150. ಗುಂಡಿಗೆ ಏನು ಉಳಿಯಿತು? ಬಾಯಲ್ಲಿ "ಠೋ" ಅನ್ನಬೇಕು.

ಫ್ರಿಸ್ಕೋ ಫೈರಿಂಗ್

😄 ಸರಿ ಸರಿ. ಆದರೆ ಒಂದು ದಾರಿ ಇದೆ. ಎಆರ್ ತಗೊಂಡು ಅದಕ್ಕೆ .22 ಬೋಲ್ಟ್ ಕಿಟ್ ಹಾಕುವುದು. ಸಿಎಂಎಂಜಿ ಮಾಡುತ್ತದೆ. ಇರುವ ಬೋಲ್ಟ್ ತೆಗೆದು ಇದನ್ನು ಕೂರಿಸಿ, ಕಿಟ್‌ನ ಮ್ಯಾಗಜಿನ್ ಹಾಕಿದರೆ ಮುಗಿಯಿತು. ನಳಿಗೆಯ ಒಳ ಅಳತೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಬೆಲ್‌ವ್ಯೂ ಭಟ್ಟ

ಆ ಕಿಟ್‌ನಲ್ಲಿ ಗುರಿ ಅಷ್ಟು ಚೆನ್ನಾಗಿ ಕೂರುವುದಿಲ್ಲ. .22 ರೈಫಲ್ ನಳಿಗೆಯ ಒಳಗಿನ, ಗುಂಡನ್ನು ತಿರುಗಿಸುವ ಸುರುಳಿ ಗೀರು 16 ಇಂಚಿಗೆ ಒಂದು ಸುತ್ತು ಬರುತ್ತದೆ. ಎಆರ್‌ನದ್ದು 7, 8 ಅಥವಾ 9 ಇಂಚಿಗೇ ಒಂದು ಸುತ್ತು. ಅದು ಉದ್ದನೆಯ, ವೇಗದ ಗುಂಡಿಗೆ ಮಾಡಿದ್ದು. 25 ಗಜದಲ್ಲಿ ಡಬ್ಬ ಉರುಳಿಸಲು ಪರವಾಗಿಲ್ಲ. ಕಾಗದದ ಮೇಲೆ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸಬೇಕು ಅಂದರೆ ಬೇಸರ ಬರುತ್ತದೆ.

ಇನ್ನು ನಮ್ಮ ವಾಷಿಂಗ್ಟನ್ ರಾಜ್ಯದವರು ಯಾರಾದರೂ ಇದನ್ನು ಓದುತ್ತಿದ್ದರೆ: 2023ರ ಏಪ್ರಿಲ್‌ನಿಂದ ಇಲ್ಲಿ ಎಆರ್-15 ಮಾರಾಟವೇ ಇಲ್ಲ. 10/22 ಸಿಗುತ್ತದೆ. ಆದರೆ 2018ರಲ್ಲಿ ಜನಮತದಲ್ಲಿ ಪಾಸಾದ ಕಾನೂನು ಎಲ್ಲ ಸೆಮಿ-ಆಟೋ ರೈಫಲ್‌ಗಳನ್ನೂ ಒಂದೇ ಗುಂಪಿಗೆ ಹಾಕಿದೆ. ಪಾಪದ 10/22 ಕೂಡ ಅದರೊಳಗೆ ಬಂತು. 21 ವರ್ಷ ಆಗಿರಬೇಕು, ಸುರಕ್ಷತಾ ತರಬೇತಿಯ ಪುರಾವೆ ಬೇಕು, ಕಾಯುವ ಅವಧಿ ಬೇರೆ. ಟೆಕ್ಸಾಸ್‌ನವರ ಸಲಹೆ ಓದಿಕೊಂಡು ಬೆಲ್‌ವ್ಯೂ ಅಂಗಡಿಗೆ ಹೋಗಬೇಡಿ. ಕ್ಯಾಲಿಫೋರ್ನಿಯಾ, ಇಲಿನಾಯ್ಸ್‌ನಲ್ಲೂ ನಿಯಮಗಳು ಬೇರೆ ಬೇರೆ.

ಮಂಡ್ಯ_ಟು_ಪ್ಲೇನೋ

ಮೇಷ್ಟ್ರೇ, ಗುಂಡಿನ ಲೆಕ್ಕ ಹೊಳೆದೇ ಇರಲಿಲ್ಲ. ಆದರೆ ಗೆಳೆಯರು .22 ಅಂದರೆ ಮಕ್ಕಳ ಆಟಿಕೆ ಅನ್ನುತ್ತಾರೆ.

ಇನ್ನೊಂದು ವಿಷಯ. ನನ್ನ ಭಾಮೈದ ಎಚ್-1ಬಿ ಮೇಲೆ ಇರ್ವಿಂಗ್‌ನಲ್ಲಿದ್ದಾನೆ. ಅವನಿಗೂ ಹುಚ್ಚು. ಇಬ್ಬರೂ ಅರ್ಧರ್ಧ ಹಾಕಿ ತಗೊಳ್ಳೋಣ ಅನ್ನುತ್ತಿದ್ದಾನೆ. ಆಗುತ್ತದಾ?

ಕಾವೇರಿ ತೀರ (ಹ್ಯೂಸ್ಟನ್)

ನಿಲ್ಲಿ ನಿಲ್ಲಿ. ಆ ಭಾಮೈದನ ವಿಷಯ ಮೊದಲು ಇತ್ಯರ್ಥ ಆಗಲಿ.

ಎಚ್-1ಬಿ, ಎಲ್-1, ಎಫ್-1, ಎಚ್-4, ಇವೆಲ್ಲ ನಾನ್-ಇಮಿಗ್ರೆಂಟ್ ವೀಸಾ. ಫೆಡರಲ್ ಕಾನೂನಿನ ಪ್ರಕಾರ ಈ ವೀಸಾಗಳಲ್ಲಿ ಬಂದವರು ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಗುಂಡು ಕೂಡ ಇಟ್ಟುಕೊಳ್ಳುವಂತಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಇದರೊಳಗೇ ಬರುತ್ತದೆ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಅನ್ವಯಿಸುವುದು ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಿದ್ದವರಿಗೆ ಕಾನೂನು ದಾರಿ ಬಿಡುತ್ತದೆ. ಆದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವನು ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬಾರದು. ಬಂದೂಕಿನ ಕೇಸ್‌ನಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂದರೆ ಗಡೀಪಾರಿಗೆ ಅದೇ ಕಾರಣ ಆಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ಅಷ್ಟೇ.

ಅರ್ಧರ್ಧ ಅನ್ನುವುದನ್ನು ಮರೆತುಬಿಡಿ. ಅಂಗಡಿಯಲ್ಲಿ 4473 ಅಂತ ಒಂದು ಫಾರಂ ತುಂಬಿಸುತ್ತಾರೆ. ನಿಜವಾದ ಖರೀದಿದಾರ ನೀವೇನಾ ಅಂತ ಅದರಲ್ಲಿ ಕೇಳುತ್ತದೆ. ಇನ್ನೊಬ್ಬನ ದುಡ್ಡಲ್ಲಿ ಅವನಿಗೋಸ್ಕರ ಕೊಂಡು "ಹೌದು" ಅಂತ ಬರೆದರೆ ಅದು ಫೆಡರಲ್ ಅಪರಾಧ. ಗಾಂಜಾ ಸೇವನೆಯ ಪ್ರಶ್ನೆಯೂ ಇದೆ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಲೆಕ್ಕದಲ್ಲಿ ಅಲ್ಲ ಅಂತ ಫಾರಂನಲ್ಲೇ ದಪ್ಪಗೆ ಬರೆದಿದೆ. ಗ್ರೀನ್ ಕಾರ್ಡ್ ಇರುವವರು ಕಾರ್ಡ್‌ನ ಎ-ನಂಬರ್ ಬರೆಯಬೇಕು. ವಿಳಾಸ ಡ್ರೈವಿಂಗ್ ಲೈಸೆನ್ಸ್‌ನಲ್ಲಿ (ಡಿಎಲ್) ಇರುವಂತೆಯೇ ಇರಬೇಕು. ಮನೆ ಬದಲಿಸಿ ಡಿಎಲ್ ಬದಲಿಸದಿದ್ದರೆ ಮೊದಲು ಅದನ್ನು ಮಾಡಿ. ಆಮೇಲೆ ಅಂಗಡಿಯವರು ಎಫ್‌ಬಿಐ ದಾಖಲೆಯಲ್ಲಿ ಪರಿಶೀಲಿಸುತ್ತಾರೆ. ನಮ್ಮ ಹೆಸರುಗಳು ಉದ್ದ, ಕೆಲವೊಮ್ಮೆ "ಡಿಲೇ" ಅಂತ ಬರುತ್ತದೆ. ಗಾಬರಿ ಆಗಬೇಡಿ.

ಹಾಸನದ ಹವಾಲ್ದಾರ್

ವೀಸಾ ವಿಷಯ ನಿಜ. ನಾನು ಸೇನೆಯಲ್ಲಿ ಎಸ್‌ಎಲ್‌ಆರ್ ರೈಫಲ್ ಹಿಡಿದು ವರ್ಷಗಟ್ಟಲೆ ಓಡಾಡಿದವನು. 7.62 ಗುಂಡು, ಇಪ್ಪತ್ತರ ಮ್ಯಾಗಜಿನ್, ಅದೂ ಸೆಮಿ-ಆಟೋನೇ. ಸ್ಯಾನ್ ಆಂಟೋನಿಯೋದಲ್ಲಿ ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಬಂದಾಗ "ಅಪ್ಪಾ, ನೀವು ಕಾರಲ್ಲೇ ಕೂತಿರಿ" ಅಂದ. ಇಲ್ಲಿಯ .22 ಮುಟ್ಟುವಂತಿಲ್ಲವಂತೆ ನಾನು!

.22 ಆಟಿಕೆ ಅನ್ನುವವರಿಗೆ ಒಂದು ಮಾತು. ಎನ್‌ಸಿಸಿಯವರು ಇವತ್ತಿಗೂ ಹುಡುಗರ ಕೈಗೆ ಮೊದಲು ಕೊಡುವುದು .22. ದೊಡ್ಡ ರೈಫಲ್ ಒದೆಯುತ್ತದೆ, ಸದ್ದು ಮಾಡುತ್ತದೆ. ಹೊಸಬ ಸದ್ದಿಗೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಮುಂದಕ್ಕೆ ತಳ್ಳುತ್ತಾನೆ. ಆ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಉಸಿರು, ಸೈಟ್, ಟ್ರಿಗರ್, ಈ ಮೂರನ್ನೂ .22ರಲ್ಲಿ ಕಲಿತವನು ಯಾವ ರೈಫಲ್ ಕೊಟ್ಟರೂ ಹೊಡೆಯುತ್ತಾನೆ.

ಮಂಡ್ಯದ ತಮ್ಮ, ಮೊದಲ ತಿಂಗಳು ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಬೇಡ. ಇರುವ ಸೈಟ್‌ನಲ್ಲೇ ಹೊಡಿ.

ಗುಂಡಿನ ಗಮ್ಮತ್ತು

ಇದನ್ನು ಫುಲ್ ಆಟೋ ಮಾಡಲು ಏನೋ ಸಣ್ಣ ಭಾಗ ಸಿಗುತ್ತದಂತೆ, ಯಾರಿಗಾದರೂ

[ನಿರ್ವಾಹಕರು ಈ ಪೋಸ್ಟ್ ಮುಚ್ಚಿದ್ದಾರೆ]

ನಿರ್ವಾಹಕ

ಅದು ಜೈಲಿಗೆ ಹೋಗುವ ದಾರಿ. 1986ರಿಂದ ಸಾರ್ವಜನಿಕರಿಗೆ ಹೊಸ ಮೆಷಿನ್ ಗನ್ ನಿಷೇಧ. ಆ ಮಾತು ಇಲ್ಲಿ ಬೇಡ. ಮುಂದುವರಿಸಿ.

ಶಾರದಾ ಕೊಲಂಬಸ್

ಎಲ್ಲರೂ ನಳಿಗೆ, ಗೀರು, ಸೆಂಟು ಅಂತ ಮಾತಾಡುತ್ತಿದ್ದೀರಿ. ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಒಬ್ಬರೂ ಕೇಳಲಿಲ್ಲ ನೋಡಿ.

ಬಂದೂಕು ಬೇಡ ಅಂತ ಉಪದೇಶ ಮಾಡಲು ಬಂದಿಲ್ಲ. ನಮ್ಮ ಮನೆಯವರೂ ಶೂಟಿಂಗ್ ಮಾಡುತ್ತಾರೆ. ಆದರೆ ಈ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುವುದು ಆತ್ಮಹತ್ಯೆಯಿಂದ. ಕಳ್ಳರಿಂದಲ್ಲ, ಜಗಳದಿಂದಲ್ಲ. ಹದಿಹರೆಯದ ಮಕ್ಕಳಿರುವ ಮನೆ, ಕೆಲಸ ಹೋಗಿ ಕುಗ್ಗಿದವರಿರುವ ಮನೆ, ಅಲ್ಲಿ ಒಂದು ಕ್ಷಣದ ದುಡುಕಿಗೆ ಬೀಗ ಅಡ್ಡ ಬಂದರೆ ಜೀವ ಉಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿ ಇಲ್ಲದ ಕಾಲದಲ್ಲಿ ರೈಫಲ್ ಮನೆಯಲ್ಲೇ ಇರಬಾರದು. ಕೆಲವು ಅಂಗಡಿ, ರೇಂಜ್‌ಗಳು ಸ್ವಲ್ಪ ಕಾಲ ಇಟ್ಟುಕೊಳ್ಳುತ್ತವೆ, ವಿಚಾರಿಸಿ.

ಬಜೆಟ್‌ನಲ್ಲಿ ಮೊದಲ ದುಡ್ಡು ಬೀಗದ ಪೆಟ್ಟಿಗೆಗೆ ತೆಗೆದಿಡಿ. ಕೀಲಿ ಅಡುಗೆಮನೆ ಡಬ್ಬದಲ್ಲಿ ಇಟ್ಟರೆ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. ನಂಬರ್ ಬೀಗ ವಾಸಿ. ನಂಬರ್ ಮಗುವಿನ ಹುಟ್ಟಿದ ದಿನ ಬೇಡ.

ಮಂಡ್ಯ_ಟು_ಪ್ಲೇನೋ

ಶಾರದಕ್ಕ, ಒಬ್ಬಳು ಮಗಳು ಇದ್ದಾಳೆ, ಒಂಬತ್ತು ವರ್ಷ. ಹೆಂಡತಿಯೂ ನಿಮ್ಮ ಮಾತನ್ನೇ ಹೇಳಿದಳು. ಪೆಟ್ಟಿಗೆ ಬಂದು ಗೋಡೆಗೆ ಬೋಲ್ಟ್ ಆಗುವ ತನಕ ರೈಫಲ್ ಮನೆಗೆ ಬರುವುದಿಲ್ಲ ಅಂತ ಒಪ್ಪಂದ ಆಗಿದೆ.

ಕಾವೇರಿ ತೀರ (ಹ್ಯೂಸ್ಟನ್)

ಒಳ್ಳೆಯ ಒಪ್ಪಂದ. ಟೆಕ್ಸಾಸ್‌ನಲ್ಲಿ ಹದಿನೇಳು ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ನಿಮ್ಮ ಅಜಾಗರೂಕತೆಯಿಂದ ಸಿಕ್ಕರೆ ಅದೇ ಒಂದು ಅಪರಾಧ. ಕೇಬಲ್ ಬೀಗ ಸುಮ್ನೆ ದುಡ್ಡು ಕೊಟ್ಟು ತಗೊಳ್ಳಬೇಡಿ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅಂತ ಕಾರ್ಯಕ್ರಮ ಇದೆ, ಪೊಲೀಸ್ ಠಾಣೆಗಳ ಮೂಲಕ ಉಚಿತವಾಗಿ ಹಂಚುತ್ತಾರೆ. ಆದರೆ ಅದು ಪೆಟ್ಟಿಗೆಯ ಜೊತೆಗೆ, ಪೆಟ್ಟಿಗೆಯ ಬದಲಿಗೆ ಅಲ್ಲ.

ಈಗ ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ. ನಾನು ಕೊಡಗಿನವನು. ನಮ್ಮಲ್ಲಿ ಮನೆಗೊಂದು ಕೋವಿ ಇರುತ್ತದೆ. ಕೈಲ್ ಮುಹೂರ್ತ ಹಬ್ಬದ ದಿನ ಅದಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ತನಕ, ಮುಂದುವರಿಸಿದೆ. ಹಾಗಂತ ಸೆಮಿ-ಆಟೋ ರೈಫಲ್ ಊರಿನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯರಿಗೆ ಭಾರತದಲ್ಲಿ ಅದು ನಿಷೇಧಿತ ವರ್ಗದ ಆಯುಧ.

ಇದನ್ನು ಯಾಕೆ ಹೇಳಿದೆ ಅಂದರೆ, ಕೊಡಗು-ಮಲೆನಾಡಿನ ಕಡೆಯಿಂದ ಬಂದವರಿಗೆ ಕೋವಿ ಗೊತ್ತು ಅನ್ನುವ ಧೈರ್ಯ ಇರುತ್ತದೆ. ಆ ಧೈರ್ಯವೇ ಇಲ್ಲಿ ಅಪಾಯ. ನಮ್ಮ ಜೋಡಿ ನಳಿಗೆ ಕೋವಿಯನ್ನು ಮುರಿದು ತೆರೆದರೆ ಎರಡೂ ತೋಟಾ ಕಣ್ಣೆದುರೇ. ತೆಗೆದರೆ ಖಾಲಿ. ಮುರಿದು ತೋಳಿನ ಮೇಲೆ ಹಾಕಿಕೊಂಡು ಬರುವವನನ್ನು ನೂರು ಗಜದಿಂದ ನೋಡಿದರೂ ಕೋವಿ ತೆರೆದಿದೆ ಅಂತ ತಿಳಿಯುತ್ತದೆ.

ಸೆಮಿ-ಆಟೋ ಹಾಗಲ್ಲ. ಮ್ಯಾಗಜಿನ್ ಕಳಚಿ ಕೈಗೆ ಬಂತು, ಆದರೂ ಚೇಂಬರ್‌ನಲ್ಲಿ ಒಂದು ಗುಂಡು ಕೂತಿರುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. "ಮ್ಯಾಗಜಿನ್ ತೆಗೆದೆನಲ್ಲ" ಅಂತ ಟ್ರಿಗರ್ ಎಳೆದು ಅನಾಹುತ ಮಾಡಿಕೊಂಡವರು ಲೆಕ್ಕವಿಲ್ಲದಷ್ಟು ಜನ. ಕ್ರಮ ತಪ್ಪಿದರೂ ಅಷ್ಟೇ. ಮ್ಯಾಗಜಿನ್ ಇರುವಾಗಲೇ ಬೋಲ್ಟ್ ಎಳೆದು ಚೇಂಬರ್ ಖಾಲಿ ಮಾಡಿದಿರಿ ಅಂದುಕೊಳ್ಳಿ. ಬೋಲ್ಟ್ ಬಿಟ್ಟ ತಕ್ಷಣ ಮ್ಯಾಗಜಿನ್‌ನಿಂದ ಇನ್ನೊಂದು ಒಳಗೆ ಹೋಯಿತು. ಆಮೇಲೆ ಮ್ಯಾಗಜಿನ್ ತೆಗೆದರೆ ಏನು ಬಂತು?

ಹಾಗಾಗಿ ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮೊದಲು ಮ್ಯಾಗಜಿನ್ ಹೊರಗೆ. ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆದು ತೆರೆದೇ ನಿಲ್ಲಿಸಿ. ಚೇಂಬರ್ ಒಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮೇಷ್ಟ್ರು ಹೇಳಿದರಲ್ಲ, 10/22 ಕೊನೆ ಗುಂಡಿಗೆ ತೆರೆದು ನಿಲ್ಲುವುದಿಲ್ಲ ಅಂತ, ಅದಕ್ಕೇ ಇದರಲ್ಲಿ ಈ ಅಭ್ಯಾಸ ಇನ್ನೂ ಮುಖ್ಯ. ಹಳದಿ ಅಥವಾ ಕಿತ್ತಳೆ ಬಣ್ಣದ ಚೇಂಬರ್ ಫ್ಲ್ಯಾಗ್ ಒಂದೆರಡು ಡಾಲರ್‌ಗೆ ಸಿಗುತ್ತದೆ. ಅದನ್ನು ಸಿಕ್ಕಿಸಿಟ್ಟರೆ ಪಕ್ಕದವರಿಗೂ ನೆಮ್ಮದಿ.

ಟ್ರಿಗರ್ ಎಳೆದು "ಟಿಕ್" ಅಂದು ಗುಂಡು ಹಾರದಿದ್ದರೆ ತಕ್ಷಣ ತೆರೆಯಬೇಡಿ. .22 ಗುಂಡಿನಲ್ಲಿ ಕಿಡಿ ಹೊತ್ತಿಸುವ ಮದ್ದು ತೋಟಾದ ಬುಡದ ಅಂಚಿನಲ್ಲಿರುತ್ತದೆ, ಅಗ್ಗದ ಪೆಟ್ಟಿಗೆಯಲ್ಲಿ ಠುಸ್ಸಾಗುವುದು ಮಾಮೂಲಿ. ನಳಿಗೆ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಸದ್ದು ಮೆಲ್ಲಗೆ "ಪುಸ್" ಅಂತ ಬಂದರೆ ಮುಂದಿನ ಗುಂಡು ಹೊಡೆಯಲೇಬೇಡಿ. ಹಿಂದಿನದು ನಳಿಗೆಯಲ್ಲೇ ಸಿಕ್ಕಿರಬಹುದು.

ಫ್ರಿಸ್ಕೋ ಫೈರಿಂಗ್

ಈ ಪೋಸ್ಟ್ ಪ್ರಿಂಟ್ ತೆಗೆದು ಪೆಟ್ಟಿಗೆ ಬಾಗಿಲಿಗೆ ಅಂಟಿಸಬೇಕು.

ಎಡಿಸನ್ ಎಂಕ್ಟ

ಒಂದು ಸಂಶಯ. 9 ಎಂಎಂ ಪಿಸ್ತೂಲ್ ಗುಂಡು ಹೊಡೆಯುವ ಕಾರ್ಬೈನ್‌ಗಳು (ಗಿಡ್ಡ ರೈಫಲ್) ಇವೆಯಲ್ಲ, ಅವು ಮಧ್ಯದ ದಾರಿ ಅಲ್ವಾ? ಮತ್ತೆ ಮಿನಿ-14, ಎಕೆ ಮಾದರಿಯ ರೈಫಲ್‌ಗಳು?

ಲೆಕ್ಕದ ಮೇಷ್ಟ್ರು (ಆಸ್ಟಿನ್)

9 ಎಂಎಂ ಗುಂಡು ಒಂದಕ್ಕೆ ಸುಮಾರು 25 ಸೆಂಟ್. .223ರ ಅರ್ಧ, .22ರ ಮೂರು ಪಟ್ಟು. ರೂಗರ್ ಪಿಸಿ ಕಾರ್ಬೈನ್ ಒಳ್ಳೆಯದು, ಗ್ಲಾಕ್ ಪಿಸ್ತೂಲಿನ ಮ್ಯಾಗಜಿನ್ ಕೂಡ ಅದಕ್ಕೆ ಹಾಕಿಕೊಳ್ಳಬಹುದು. ಈಗಾಗಲೇ 9 ಎಂಎಂ ಪಿಸ್ತೂಲ್ ಇದ್ದವರಿಗೆ ಅರ್ಥ ಇದೆ, ಒಂದೇ ಗುಂಡು ಎರಡಕ್ಕೂ ಆಗುತ್ತದೆ. ಬರೀ ಇದೊಂದನ್ನೇ ತಗೊಳ್ಳುವವರಿಗೆ ನಾನು ಹೇಳುವುದಿಲ್ಲ.

ಮಿನಿ-14 ನೋಡಲು ಚೆನ್ನ, 1,000 ಡಾಲರ್ ದಾಟುತ್ತದೆ. ಎಕೆ ಒಂದು ಕಾಲಕ್ಕೆ ಅಗ್ಗದ ಆಯ್ಕೆಯಾಗಿತ್ತು. 2021ರಲ್ಲಿ ರಷ್ಯಾದ ಗುಂಡಿನ ಹೊಸ ಆಮದು ಪರವಾನಗಿ ನಿಂತಿತು. ಆಮೇಲೆ ಎಕೆಗೆ ಹಾಕುವ 7.62×39 ಗುಂಡು ಅಗ್ಗ ಅನ್ನುವ ಮಾತೇ ಹೋಯಿತು. ಒಳಾಂಗಣ ರೇಂಜ್‌ಗಳಲ್ಲಿ ಅಯಸ್ಕಾಂತ ಹಿಡಿದು ಗುಂಡು ಪರೀಕ್ಷೆ ಮಾಡುತ್ತಾರೆ, ಉಕ್ಕು ಇದ್ದರೆ ಒಳಗೆ ಬಿಡುವುದಿಲ್ಲ. ಹೊಸಬರಿಗೆ ಬೇಡ.

ಬೆಲ್‌ವ್ಯೂ ಭಟ್ಟ

ಹಳೆಯದನ್ನು ಕೊಳ್ಳುವವರಿಗೆ ಮಾರ್ಲಿನ್ ಮಾಡೆಲ್ 60 ಹೆಸರು ಹೇಳದೆ ಬಿಡುವುದು ಅನ್ಯಾಯ. 1960ರಿಂದ ಬಂದ ರೈಫಲ್. ನಳಿಗೆಯ ಕೆಳಗಿನ ಉದ್ದ ಕೊಳವೆಯಲ್ಲಿ ಗುಂಡು ತುಂಬುತ್ತಾರೆ, ಮ್ಯಾಗಜಿನ್ ಕಳೆದುಹೋಗುವ ಚಿಂತೆ ಇಲ್ಲ. ಗುರಿ ನಿಖರ. ಈಗ ಹೊಸದು ಬರುತ್ತಿಲ್ಲ. ಕಂಪನಿ ಕೈ ಬದಲಾಗಿ 2020ರಲ್ಲಿ ಮಾರ್ಲಿನ್ ಹೆಸರನ್ನು ರೂಗರ್‌ನವರೇ ಕೊಂಡರು. ಅಡವಿನ ಅಂಗಡಿಗಳಲ್ಲಿ ಹಳೆಯದು 10/22ಕ್ಕಿಂತ ಕಡಿಮೆಗೆ ಸಿಗುತ್ತದೆ. ಸಾವೇಜ್ 64 ಕೂಡ ಅಗ್ಗ. ಎಆರ್ ಆಕಾರವೇ ಬೇಕು ಅಂದರೆ ಸ್ಮಿತ್ ಅಂಡ್ ವೆಸನ್‌ನ 15-22 ಇದೆ. ಎಆರ್‌ನ ಗುಂಡಿ, ಕೀಲಿ ಎಲ್ಲ ಅದೇ ಜಾಗದಲ್ಲಿ, ಹೊಡೆಯುವುದು .22. 400 ಡಾಲರ್ ಮೇಲೆ ಬೀಳುತ್ತದೆ. ಕೊನೆ ಗುಂಡಿಗೆ ಬೋಲ್ಟ್ ತೆರೆದೂ ನಿಲ್ಲುತ್ತದೆ. ಮುಂದೆ ಎಆರ್ ತಗೊಳ್ಳುವ ಯೋಚನೆ ಇರುವವರಿಗೆ ಫ್ರಿಸ್ಕೋ ಅವರ ವಾದಕ್ಕೂ ಮೇಷ್ಟ್ರ ವಾದಕ್ಕೂ ಇದು ಸಂಧಾನ.

ಹಳೆಯದು ಕೊಂಡರೂ ಅಂಗಡಿಯಿಂದಲೇ ಕೊಳ್ಳಿ. ಪಾರ್ಕಿಂಗ್ ಲಾಟ್‌ನಲ್ಲಿ ಮುಖ ಗೊತ್ತಿಲ್ಲದವರ ಹತ್ತಿರ ವ್ಯವಹಾರ ಬೇಡ. ಕದ್ದ ಮಾಲು ಆಗಿದ್ದರೆ ವಿವರಣೆ ಕೊಡುವವರು ನೀವು.

ಮಂಡ್ಯ_ಟು_ಪ್ಲೇನೋ

ಅಪ್‌ಡೇಟ್. ಮೊದಲು ರೇಂಜ್‌ನಲ್ಲಿ 10/22, 15-22, ಒಂದು ಎಆರ್, ಮೂರನ್ನೂ ಬಾಡಿಗೆಗೆ ತಗೊಂಡು ಹೊಡೆದೆ. ಎಆರ್ ಅಂದುಕೊಂಡಷ್ಟು ಒದೆಯಲಿಲ್ಲ, ಆದರೆ ಒಳಾಂಗಣದಲ್ಲಿ ಸದ್ದು ಎದೆಗೆ ಬಡಿಯುತ್ತದೆ. 15-22 ಹಗುರ, ಚೆನ್ನಾಗಿದೆ. ಪ್ಲಾಸ್ಟಿಕ್ ಅನ್ನಿಸಿತು, ಅದು ನನ್ನ ರುಚಿ. ಕೊನೆಗೆ 10/22 ತಗೊಂಡೆ, ಮರದ ಹಿಡಿಯದ್ದು. ಹವಾಲ್ದಾರ್ ಸರ್ ಮಾತಿನಂತೆ ಸ್ಕೋಪ್ ಇಲ್ಲ. ಪೆಟ್ಟಿಗೆ, ಎರಡು ಹೆಚ್ಚುವರಿ ಮ್ಯಾಗಜಿನ್, ಎಲೆಕ್ಟ್ರಾನಿಕ್ ಕಿವಿ ಮುಚ್ಚಳ, ಕನ್ನಡಕ, ಕ್ಲೀನಿಂಗ್ ಕಿಟ್, ಗುಂಡು ಎಲ್ಲಾ ಸೇರಿ 800 ಒಳಗೇ ಆಯಿತು. ಫಾರಂ ತುಂಬಿದ ಮೇಲೆ "ಡಿಲೇ" ಬಂತು. ಕೆಲವು ದಿನ ಬಿಟ್ಟು ಅಂಗಡಿಯವರೇ ಫೋನ್ ಮಾಡಿದರು.

ಭಾಮೈದ ಮುನಿಸಿಕೊಂಡಿದ್ದಾನೆ. ವಕೀಲರ ನಂಬರ್ ಕೊಟ್ಟಿದ್ದೇನೆ.

ಯಾವ ಗುಂಡು ಹಾಕಲಿ?

ಲೆಕ್ಕದ ಮೇಷ್ಟ್ರು (ಆಸ್ಟಿನ್)

ಶುಭವಾಗಲಿ! ಸಿಸಿಐ ಮಿನಿ-ಮ್ಯಾಗ್ ಒಂದು ಪೆಟ್ಟಿಗೆ ತಗೊಂಡು ಅದರಿಂದ ಶುರು ಮಾಡಿ. ಸ್ವಲ್ಪ ದುಬಾರಿ, ಆದರೆ ಬೋಲ್ಟ್ ತಳ್ಳಲು ಬೇಕಾದ ಶಕ್ತಿ ಇರುತ್ತದೆ. ರೈಫಲ್ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಖಾತ್ರಿ ಆದ ಮೇಲೆ ಅಗ್ಗದ್ದನ್ನು ಎರಡು ಮೂರು ಬ್ರ್ಯಾಂಡ್ ಪರೀಕ್ಷಿಸಿ. ಪ್ರತಿ .22ಗೂ ಅದರದೇ ನಾಲಿಗೆ, ನಿಮ್ಮದು ಯಾವುದನ್ನು ಇಷ್ಟಪಡುತ್ತದೋ ಅದನ್ನೇ ದೊಡ್ಡ ಪೆಟ್ಟಿಗೆಯಲ್ಲಿ ಕೊಳ್ಳಿ.

ನಳಿಗೆಯನ್ನು ಪದೇಪದೇ ಉಜ್ಜಬೇಡಿ. ಕೊಳೆ ಸೇರುವುದು ಬೋಲ್ಟ್ ಹತ್ತಿರ, ಅದನ್ನು ಒರೆಸಿ ಒಂದೆರಡು ಹನಿ ಎಣ್ಣೆ ಹಾಕಿದರೆ ಸಾಕು. .22 ಗುಂಡಿಗೆ ತಾಮ್ರದ ಹೊದಿಕೆ ಇಲ್ಲದಿದ್ದರೆ ಬರಿ ಸೀಸ. ಹೊಡೆದು ಬಂದ ಮೇಲೆ ಮಗಳನ್ನು ಎತ್ತಿಕೊಳ್ಳುವ ಮೊದಲು ಕೈ-ಮುಖ ತೊಳೆದು ಅಂಗಿ ಬದಲಿಸಿ. ತಣ್ಣೀರು, ಸೋಪು.

ಮಂಡ್ಯ_ಟು_ಪ್ಲೇನೋ

ಸರಿ ಮೇಷ್ಟ್ರೇ. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇವೆ. ಅದಕ್ಕೆ ಮೊದಲು 50 ಗಜದಲ್ಲಿ ಹೊಡೆಯುವಷ್ಟು ಕಲಿಯಬೇಕು ಅಂತ ಆಸೆ.

ಕಾವೇರಿ ತೀರ (ಹ್ಯೂಸ್ಟನ್)

ಊರಿಗೆ ಹೊರಟಿದ್ದೀರಿ ಅಂದಿದ್ದಕ್ಕೆ ಕೇಳುತ್ತೇನೆ. ರೇಂಜ್‌ಗೆ ಯಾವ ಬ್ಯಾಗ್ ಒಯ್ಯುತ್ತೀರಿ? ಆಫೀಸಿನ ಬ್ಯಾಕ್‌ಪ್ಯಾಕ್ ಆದರೆ ಇವತ್ತೇ ಬದಲಿಸಿ. .22 ಗುಂಡು ಕಡಲೆಬೀಜದಷ್ಟು, ಒಳಜೇಬಿನ ಹೊಲಿಗೆಯಲ್ಲಿ ಕೂತರೆ ಕೈಗೆ ಸಿಗುವುದಿಲ್ಲ. ಬೆಂಗಳೂರು ಏರ್‌ಪೋರ್ಟ್ ಸ್ಕ್ಯಾನರ್‌ಗೆ ಸಿಗುತ್ತದೆ. ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ ಆಯುಧ ಕಾಯ್ದೆಯಡಿ ಕೇಸ್ ಆಗುತ್ತದೆ. ರಜೆಯೆಲ್ಲ ಠಾಣೆ, ಕೋರ್ಟ್ ಅಂತ ಕಳೆಯುತ್ತದೆ. ಗೊತ್ತಿರಲಿಲ್ಲ ಅಂದರೆ ಅಲ್ಲಿ ನಂಬುವವರು ಯಾರು?

ರೇಂಜ್‌ಗೆ ಬೇರೆಯೇ ಒಂದು ಬ್ಯಾಗ್ ಇಡಿ. ಅದು ವಿಮಾನ ಹತ್ತಬಾರದು. ಹೊರಡುವಾಗ ಹಾಕಿಕೊಳ್ಳುವ ಜಾಕೆಟ್ ಜೇಬೂ ನೋಡಿ.

ಮಂಡ್ಯ_ಟು_ಪ್ಲೇನೋ

ಈಗಷ್ಟೇ ಜಾಕೆಟ್ ಜೇಬು ಬೋರಲು ಹಾಕಿದೆ. ಖಾಲಿ. ಬ್ಯಾಗ್ ಬೇರೆ ಆರ್ಡರ್ ಮಾಡಿದ್ದೇನೆ. ಶನಿವಾರ ಪ್ಲೇನೋ ಕಡೆಯವರು ಯಾರಾದರೂ ಬರುತ್ತೀರಾ? ಬೆಳಿಗ್ಗೆ ಹತ್ತಕ್ಕೆ ಲೇನ್ ಖಾಲಿ ಇರುತ್ತದೆ.

ಫ್ರಿಸ್ಕೋ ಫೈರಿಂಗ್

ಬರುತ್ತೇನೆ. ಎಆರ್ ತರುತ್ತೇನೆ, ಗುಂಡು ನಿಮ್ಮದು. ಮೇಷ್ಟ್ರಿಗೆ ಲೆಕ್ಕ ಕಳಿಸೋಣ.